ಇಬ್ಬರು ಪಸಾಂಗರು

ನಮ್ಮ ಲಾಡ್ಜಿನ ಊಟದ ಕೋಣೆಯಲ್ಲಿ ಪರ್ವತಾರೋಹಣದ ಪುಸ್ತಕಗಳ ಕಪಾಟೊಂದಿದೆ. ಎಲ್ಲವೂ ಚಾರಣಕ್ಕೆ ಬಂದವರು ಓದಿ ಬಿಟ್ಟುಹೋದವು. ಅದರಲ್ಲಿ ಒಂದನ್ನು ಮಾತ್ರ ನಾನು ಎಷ್ಟೋ ಸಲ ಒಲೆಗೆ ಹಾಕಿದ್ದೇನೆ. ಹಾಕಿದಾಗಲೆಲ್ಲ ಯಾರೋ ಒಬ್ಬರು ಇನ್ನೊಂದು ಪ್ರತಿ ತಂದಿಟ್ಟು ಹೋಗುತ್ತಾರೆ. ಅಷ್ಟು ಹೆಸರುವಾಸಿ ಪುಸ್ತಕ.

ನಮ್ಮೂರಿನ ಎದುರಿನ ಶಿಖರ ಹತ್ತಲು ಹೋದವರ ಚರಿತ್ರೆ ಅದು. ಅದರಲ್ಲಿ ನಮ್ಮಪ್ಪನಿಗೆ ದಕ್ಕಿರುವುದು ಒಂದೇ ಸಾಲು: 'ಹಿಮಗಾಳಿ ಎದ್ದಾಗ ಪಸಾಂಗ್ ಹಗ್ಗ ಬಿಚ್ಚಿಕೊಂಡು, ಗಾಯಗೊಂಡ ನಾಯಕನನ್ನು ಬಿಟ್ಟು ಓಡಿದ, ಓಡುವಾಗಲೇ ಬಿದ್ದು ಸತ್ತ.' ಹಸೀ ಸುಳ್ಳು. ಮರುವರ್ಷ ಅಪ್ಪನ ಹೆಣ ಸಿಕ್ಕಿದ್ದು ನಾಯಕನ ಹೆಣದ ಪಕ್ಕದಲ್ಲೇ, ಅದೇ ಹಗ್ಗಕ್ಕೆ ಕಟ್ಟಿಕೊಂಡಂತೆಯೇ. ಬಿಚ್ಚಿಕೊಂಡು ಬಂದವನು ಇನ್ನೊಬ್ಬ ಪಸಾಂಗ್. ನಮ್ಮ ಶೆರ್ಪಾ ಜನರಲ್ಲಿ ಶುಕ್ರವಾರ ಹುಟ್ಟಿದವರೆಲ್ಲ ಪಸಾಂಗರೇ. ಆ ಇನ್ನೊಬ್ಬ ಈಗ ಊರಿನ ಹಿರಿಯ, ಎಲ್ಲರಿಗೂ ಕಾಕಾ. ದಿನಾ ಬಂದು ನಮ್ಮದೇ ಒಲೆಯ ಪಕ್ಕ ಕೂತು ಉಪ್ಪು ಚಹಾ ಕುಡಿಯುತ್ತಾನೆ.

ಈ ವಸಂತದಲ್ಲಿ ಪುಸ್ತಕ ಬರೆದ ಹಾರ್ವಿಲ್ ಸಾಹೇಬನೇ ಬಂದ. ಹೊಸ ಮುದ್ರಣ ಬರುತ್ತಿದೆಯಂತೆ, ತಪ್ಪಿದ್ದರೆ ಹೇಳಿ ಎಂದ.

"ತಪ್ಪಾ? ಬೇರೆಯವನ ಹೇಡಿತನಾನ ನಮ್ಮಪ್ಪನ ತಲೆಗೆ ಕಟ್ಟಿದೀರಿ," ಎಂದೆ.

ಅವನು ಸಿಟ್ಟಾಗಲಿಲ್ಲ, ಪೆನ್ನು ತೆಗೆದ. "ಇರಬಹುದಮ್ಮ. ಆದ್ರೆ ನನ್ನ ಕಾಗದಗಳಲ್ಲಿ ಇಬ್ರೂ ಪಸಾಂಗ್ ಶೆರ್ಪಾನೇ. ನಿಮ್ಮಪ್ಪನ ಪೂರ್ತಿ ಹೆಸರು ಹೇಳಿ. ಇಲ್ದಿದ್ರೆ ತಿದ್ದಿದ್ರೂ ಯಾವ ಪಸಾಂಗ್ ಅಂತ ಓದೋರಿಗೆ ಹೇಗೆ ಗೊತ್ತಾಗುತ್ತೆ?"

ನನಗೇ ಗೊತ್ತಿರಲಿಲ್ಲ. ಅಪ್ಪ ಹೋದಾಗ ನಾನು ಅಮ್ಮನ ಬೆನ್ನ ಮೇಲಿನ ಕೂಸು. ಸತ್ತವರ ಹೆಸರನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ; ಎತ್ತಿದರೆ ಮುಂದಿನ ಜನ್ಮಕ್ಕೆ ಹೊರಟವರು ದಾರಿ ಬಿಟ್ಟು ಹಿಂದಿರುಗುತ್ತಾರೆಂಬ ಭಯ. ಅಮ್ಮನ ಬಾಯಲ್ಲಿ ಅಪ್ಪ ಬರೀ 'ಹೋದವರು'. ಸರ್ಕಾರಿ ಕಾಗದದಲ್ಲಿ ಬರೀ ಪಸಾಂಗ್ ಶೆರ್ಪಾ. ಹೆತ್ತ ಅಪ್ಪನ ಹೆಸರು ಗೊತ್ತಿಲ್ಲವೆಂದು ಪರದೇಶದವನ ಮುಂದೆ ಹೇಳಬೇಕಾಯಿತಲ್ಲ ಎಂದು ಮೈ ಉರಿದುಹೋಯಿತು.

ಒಲೆಯ ಕಡೆ ತಿರುಗಿದೆ. "ಕಾಕಾ, ನೀವು ಜೊತೆಗಿದ್ದೋರು. ನೀವೇ ಹೇಳಿ."

ಕಾಕಾ ಬಟ್ಟಲಿನಿಂದ ಮುಖ ಎತ್ತಲಿಲ್ಲ. "ತಲೆ ಕೆಟ್ಟಿದೆಯೇನೆ ಯಾಂಗ್ಜಿ? ಹೋದೋರ್ನ ಕರೀಬಾರ್ದು."

"ಸುಳ್ಳು ಹೇಳಬಹುದಾ?"

"ನಾನ್ಯಾವತ್ತು ಏನ್ ಹೇಳ್ದೆ?"

"ಅದೇ ಮತ್ತೆ. ಪುಸ್ತಕ ಬಂದಾಗ್ಲೂ ಏನೂ ಹೇಳ್ಲಿಲ್ಲ. ಹೆಸರೆತ್ತಬಾರದು ಅನ್ನೋ ಸಂಪ್ರದಾಯ ನಿಮ್ಮನ್ನ ಚೆನ್ನಾಗಿ ಬೆಚ್ಚಗಿಟ್ಟಿದೆ, ಕಾಕಾ."

"ಓದಿದ್ದು ಜಾಸ್ತಿ ಆಯ್ತು ನಿಂಗೆ."

"ಏನೆಲ್ಲ ಓದಿದೀನಿ, ಅಪ್ಪನ ಹೆಸರೊಂದು ಬಿಟ್ಟು."

ಸಾಹೇಬ ಮುಜುಗರದಿಂದ ಕೆಮ್ಮಿದ. "ಜಗಳ ಬೇಡ. ಆ ಸಾಲನ್ನೇ ತೆಗೆದುಬಿಡ್ತೀನಿ."

"ತೆಗೀಬೇಡಿ," ಎಂದೆ. "ತೆಗೆದ್ರೆ ಅಪ್ಪ ಅಲ್ಲಿ ಇರ್ಲೇ ಇಲ್ಲ ಅಂತಾಗುತ್ತೆ."

ಅಮ್ಮ ಅಡುಗೆಮನೆಯಲ್ಲಿ ಬೇಯಿಸಿದ ಆಲೂಗಡ್ಡೆ ಸುಲಿಯುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸೊಂಟಕ್ಕೆ ಕಟ್ಟಿದ ಪಟ್ಟೆಪಟ್ಟೆ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಸಾಹೇಬನ ಎದುರು ನಿಂತಳು. ನನ್ನನ್ನು ಬೈಯುತ್ತಾಳೆಂದುಕೊಂಡೆ.

"ಬರ್ಕೊಳಿ," ಎಂದಳು. "ಪಸಾಂಗ್ ಚುಲ್ದಿಮ್."

ಪೆನ್ನು ಹಾಳೆಯ ಮೇಲೆ ಓಡಿತು. ಅಮ್ಮ ಇನ್ನೊಮ್ಮೆ, ಈ ಸಲ ಹೊರಗಿನ ಅಂಗಳಕ್ಕೂ ಕೇಳುವಂತೆ ಹೇಳಿದಳು. "ಪಸಾಂಗ್ ಚುಲ್ದಿಮ್. ನನ್ನ ಗಂಡ. ಹಗ್ಗ ಬಿಚ್ಚಿದೋರು ಅವರಲ್ಲ."

ನಾನು ಆ ಹೆಸರನ್ನು ಮೊದಲ ಬಾರಿಗೆ ಕೇಳಿದ್ದು ಹೀಗೆ. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ.

ಕಾಕಾ ಬಟ್ಟಲು ಕೆಳಗಿಟ್ಟ. "ಎಂಥಾ ಕೆಲಸ ಮಾಡ್ದೆ? ಕರೆದುಬಿಟ್ಯಲ್ಲ. ಅವನು ತಿರುಗಿ ಬರ್ತಾನೆ."

ಅವನು ಏಳಲು ಹೋದ. ಅಮ್ಮ ಅವನ ಹೆಗಲ ಮೇಲೆ ಕೈಯಿಟ್ಟು ಕೂರಿಸಿ, ಬಟ್ಟಲಿಗೆ ಅಂಚಿನವರೆಗೂ ಚಹಾ ಹುಯ್ದಳು.

"ಬರ್ಲಿ," ಎಂದಳು. "ಅವರು ಬರೋವರೆಗೂ ನೀನು ಇಲ್ಲೇ ಕೂತಿರು."