ಸರಪಳಿಗೆ ಜೈ

"ಗುರುದತ್ ಅಂಕಲ್ ನಾಳೆ ಸ್ಪೇನ್ ದೇಶದ ರಾಜ ಆಗ್ತಾರಂತೆ, ಶಿವಬಸಮ್ಮ!"

ಅವಳು ಪಾತ್ರೆ ಉಜ್ಜೋದು ನಿಲ್ಲಿಸ್ಲಿಲ್ಲ. "ಆಗ್ಲಿ ಬುಡವ್ವ. ರಾಜ ಆದ್ಮೇಲಾದ್ರೂ ನನ್ ಪಾಸ್‌ಪೋರ್ಟ್ ಕೊಟ್ಟಾನಾ, ಬಡ್ಡೈದ?"

ತೊಂಬತ್ತಾರನೇ ಇಸವಿ ಅದು, ಅಮೆರಿಕದ ಆಶ್‌ಬರ್ನ್. ಅಡುಗೆಗೆ ಅಂತ ಅವಳನ್ನ ಚಾಮರಾಜನಗರದಿಂದ ಕರ್ಕೊಂಡ್ಬಂದು, ಏರ್‌ಪೋರ್ಟಲ್ಲೇ ಪಾಸ್‌ಪೋರ್ಟ್ ಇಸ್ಕೊಂಡಿದ್ರು ಅಂಕಲ್. ನಾನು ಅವ್ರ ಬೇಸ್‌ಮೆಂಟಲ್ಲಿದ್ದು ಕಾಲೇಜಿಗೆ ಹೋಗ್ತಿದ್ದೆ. ಬಾಡಿಗೆ ಬದ್ಲು ಟಾಯ್ಲೆಟ್ ತೊಳೀತಿದ್ದೆ.

ಹಳೇ ಕಾಲದ ಯುದ್ಧಗಳನ್ನ ಡ್ರೆಸ್ ಹಾಕ್ಕೊಂಡು ಆಡೋ ಅಮೆರಿಕನ್ನರ ಗುಂಪಿಗೆ ಸೇರಿದ್ರು ಅಂಕಲ್. ಜನ ಕಮ್ಮಿ ಬಿದ್ರು ಅಂತ ನಮ್ಮಿಬ್ರಿಗೂ ಸಿಪಾಯಿ ಕೋಟು ತೊಡಿಸಿದ್ರು.

ಮಾರನೇ ದಿನ ಕಾರಲ್ಲಿ ಅಂಕಲ್ ಪಾಠ. "ಸಾವಿರದೆಂಟ್ನೂರ ಇಪ್ಪತ್ಮೂರು, ಸ್ಪೇನ್. ಬಡವ್ರೇ ಬಂದೂಕು ಹಿಡಿದು ರಾಜನ ಪಡೆ ಕಟ್ಟಿದ್ರು. ಸಂವಿಧಾನ ಬೇಕು ಅಂದೋರನ್ನ ಹುಡುಕಿ ಹುಡುಕಿ ಬಡಿದ್ರು. ರಾಜನ ಗಾಡಿ ಕುದುರೆ ಬಿಚ್ಚಿ ತಾವೇ ಎಳೆದ್ರು, 'ಸರಪಳಿಗೆ ಜೈ' ಅಂತ ಕೂಗಿದ್ರು. ನಿಷ್ಠೆ ಅಂದ್ರೆ ಅದು!"

"ಯಾರೂ ಒದೀದೇನಾ? ಅವ್ರಾಗವ್ರೇನಾ?" ಶಿವಬಸಮ್ಮ ಕೇಳಿದ್ಲು. "ನಮ್ಮಪ್ಪನೂ ಅಂಗೇಯ. ಗುರುಗಳ ಪಲ್ಲಕ್ಕಿ ಹೊತ್ತೂ ಹೊತ್ತೂ ಹೆಗಲಲ್ಲಿ ಗಡ್ಡೆ ಬಂದಿತ್ತು. ಅದ್ನೇ ಮುಟ್ಟಿ ಕಣ್ಗೊತ್ಕೊಳ್ಳೋನು, ಪೆದ್ದು ಮುಂಡೇದು."

"ಬಾಯ್ಮುಚ್ಚೇ, ಮುಸುರೆ ತಿಕ್ಕೋಳೇ. ಗಂಟ್ಲು ದೊಡ್ಡದಿದೆ, ನೀನೇ ಘೋಷಣೆ ಕೂಗು. ಕನ್ನಡದಲ್ಲೇ ಕೂಗು, ಅಲ್ಲಿ ಯಾರಿಗೆ ಸ್ಪ್ಯಾನಿಷ್ ಬರತ್ತೆ?"

ಪಾರ್ಕ್ ತುಂಬ ಜನ. ರಾಜನ ಗಾಡಿಗೆ ಎರಡೇ ಚಕ್ರ, ಅದರ ಕುದುರೆ ಬಿಚ್ಚಿದ್ರು. ನಾವೊಂದು ಹತ್ತು ಹನ್ನೆರಡು ಸಿಪಾಯಿಗಳು ಗಾಡಿ ಮೂಕಿಗೆ ಹೆಗಲು ಕೊಟ್ವಿ. ಮೇಲೆ ಅಂಕಲ್, ತಲೇಲಿ ಕಿರೀಟ, ಕೈ ಬೀಸಿದ್ದೇ ಬೀಸಿದ್ದು! ನಂಗೆ ನಗು ಉಕ್ಕಿ ಉಕ್ಕಿ ಕಾಲೇ ನಿಲ್ತಿಲ್ಲ.

ಶಿವಬಸಮ್ಮ ಉಸಿರೆಳ್ಕೊಂಡ್ಲು.

"ನನ್ ಪಾಸ್‌ಪೋರ್ಟ್ ಕೊಡೋ!"

ಇದೇ ಘೋಷಣೆ ಅನ್ಕೊಂಡು ಬಿಳಿ ಸಿಪಾಯಿಗಳೂ ಶುರು ಹಚ್ಕೊಂಡ್ರು. "ನನ್ ಪಾಸ್‌ಪೋರ್ಟ್ ಕೊಡೋ! ನನ್ ಪಾಸ್‌ಪೋರ್ಟ್ ಕೊಡೋ!" ಅಂಕಲ್ ಕೈ ಗಾಳೀಲೇ ನಿಂತ್ಹೋಯ್ತು.

ಡ್ರಮ್ ಬಾರಿಸ್ತಿದ್ದ ಬಿಳಿ ಆಂಟಿ ನನ್ನ ಕಡೆ ಬಗ್ಗಿದ್ರು. "ಪಾಸ್‌ಪೋರ್ಟ್ ಅಂದ್ಲಲ್ಲ, ಏನದು?"

ಬೇಸ್‌ಮೆಂಟ್ ಹೋಯ್ತು ಅನ್ಕೊಂಡೆ. ಅನ್ಕೊಂಡೇ ಎಲ್ಲಾ ಹೇಳ್ಬಿಟ್ಟೆ. ಇಂಗ್ಲಿಷಲ್ಲಿ, ಪಾರ್ಕಿಗೆಲ್ಲ ಕೇಳೋ ಹಂಗೆ.

ಡ್ರಮ್ ನಿಲ್ತು. ಶಿವಬಸಮ್ಮ ಮೂಕಿ ಕೆಳಗೆ ಬಿಟ್ಲು, ಹಿಂದೇನೇ ನಾವೂ ಬಿಟ್ವಿ. ಗಾಡಿ ಮುಂದಕ್ಕೆ ವಾಲ್ತು, ರಾಜ ಮೊಣಕಾಲೂರಿದ್ರು.

"ನಾಳೆ ಕೊಡ್ತೀನಿ ಮಾರಾಯ್ತಿ! ಮನೇಲಿ ಮಾತಾಡೋಣ, ಈಗ ಎಳಿ!"

"ನಿನ್ ಮನೆ ಒಳೀಕೆ ಬರಾಕಿಲ್ಲ. ನಾಳೆ ಯೇಸೊತ್ಗೆ?"

"ಹತ್ತಕ್ಕೆ..."

"ಬಾಗ್ಲಲ್ಲೇ ನಿಂತಿರ್ತೀನಿ."

ಇಷ್ಟನ್ನೂ ನಾನು ಆಂಟಿಗೆ ಇಂಗ್ಲಿಷಲ್ಲಿ ಹೇಳ್ದೆ. "ಇವತ್ತು ನಮ್ಮನೇಲಿರ್ಲಿ," ಅಂದ್ರು ಆಂಟಿ. "ನಾಳೆ ನಾವೂ ಬರ್ತೀವಿ, ಎಲ್ರೂ." ಅದನ್ನ ಶಿವಬಸಮ್ಮಂಗೆ ಕನ್ನಡದಲ್ಲಿ ಕೂಗಿ ಹೇಳ್ದೆ.

"ಕೇಳುಸ್ತಾ?" ಅಂದ್ಲು ಶಿವಬಸಮ್ಮ. "ಹತ್ತಕ್ಕೆ. ಈಗ ಇಳಿ ಮಹಾರಾಜ, ನಡ್ಕೊಂಡೋಗು."