ಕಿವಿ ಮೇಸ್ತ್ರಿ ನೀರಿಗಿಳಿದದ್ದು

ಬಸ್ ಡಿಪೋದಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಕಿವಿ ಮೇಸ್ತ್ರಿ ಅಂದರೆ ಮುಗಿಯಿತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೋ ಚಕ್ರದ ನಡುವಿಗೋ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ನಿಂತರೆಂದರೆ ಒಳಗಿನ ರೋಗ ತಾನಾಗಿಯೇ ಬಾಯಿ ಬಿಡುತ್ತಿತ್ತು. ಮೂವತ್ತೊಂದು ವರ್ಷದ ಕಸುಬು. ಸರಿ ಇದೆಯೆಂದು ಅವರು ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಗೀಟೆಳೆದ ಮೇಲೆ ಆ ಗಾಡಿಯನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ಮುಟ್ಟಿದರೆ ಮೇಸ್ತ್ರಿಗೆ ಅವಮಾನ.

ಇಂಥ ಮೇಸ್ತ್ರಿಗೆ ಎರಡು ದಿನದಿಂದ ಊಟ ಸೇರುತ್ತಿರಲಿಲ್ಲ. ಶುಕ್ರವಾರ ಏಳನೇ ನಂಬರಿನ ಬಸ್ಸಿನ ಡ್ರೈವರು ಬಂದು, “ಮುಂದಿನ ಎಡಚಕ್ರ ಸಣ್ಣಗೆ ಕೀಂಯ್ ಅಂತಿದೆ ಮೇಸ್ತ್ರಿ, ಬೇರಿಂಗ್ ಹೋಗಿರ್ಬೇಕು” ಅಂದಿದ್ದ. ಚಕ್ರ ಎತ್ತಿಸಿ, ತಿರುಗಿಸಿ, ಕಿವಿಗೊಟ್ಟು ಕೇಳಿದರು. ಏನೂ ಇಲ್ಲ. ಮತ್ತೊಮ್ಮೆ ಕೇಳಿದರು. ಊಹೂಂ. ಗೀಟೆಳೆದೇಬಿಟ್ಟರು. ಡ್ರೈವರು ಗೊಣಗಿದಾಗ, “ಮೇಸ್ತ್ರಿಗೇ ಕೇಳದ್ದು ನಿನಗೆ ಕೇಳ್ತೇನಯ್ಯಾ? ಮನೇಲಿ ಹೆಂಡ್ತಿ ಬೈದಿದ್ದು ಇನ್ನೂ ಕಿವೀಲಿ ಉಳಿದಿರ್ಬೇಕು!” ಅಂತ ಇಡೀ ಡಿಪೋ ನಕ್ಕಿತು. ಮೇಸ್ತ್ರಿಯೂ ನಕ್ಕರು. ಪಾಪ, ಡ್ರೈವರನ ಮುಖ ಸಣ್ಣಗಾಯಿತು.

ಆದರೆ ಎದೆಯೊಳಗೆ ಮುಳ್ಳು ಮುರಿದಿತ್ತು. ಈಚೆಗೆ ಅವರ ಕೈಗಡಿಯಾರದ ಅಲಾರಂ ಬಡಿದುಕೊಳ್ಳುತ್ತಿದೆ ಎಂಬುದನ್ನು ಮಗಳೇ ಹೇಳಬೇಕಾಗುತ್ತಿತ್ತು. ಏಳನೇ ನಂಬರು ಗುಡ್ಡದ ಮೇಲಿನ ನೂಲಿನ ಕಾರ್ಖಾನೆಯಿಂದ ಪಾಳಿ ಮುಗಿಸಿದ ನಲವತ್ತು ಜನರನ್ನು ಹೇರಿಕೊಂಡು ಕಡಿದಾದ ಇಳಿಜಾರಿನಲ್ಲಿ ಬರುವ ಗಾಡಿ. ಚಕ್ರ ಕಳಚಿದರೆ? ಆ ಪ್ರಶ್ನೆ ಬಂದಾಗಲೆಲ್ಲ ಮೇಸ್ತ್ರಿ ತಮ್ಮನ್ನು ತಾವೇ ಗದರಿಸಿಕೊಳ್ಳುತ್ತಿದ್ದರು. ಜಂಬ ನೋಡಿ! ಒಂದು ಚಕ್ರ ಬಿಚ್ಚಿಸಿ ನೋಡಿದ್ದರೆ ಗಂಟೇನು ಹೋಗುತ್ತಿತ್ತು?

ಭಾನುವಾರ ಮಧ್ಯಾಹ್ನ ಮಗಳು ಕರೆದಳು. ಪಾದದ ಮೂಳೆ ಮುರಿದುಕೊಂಡು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೂರು ವಾರದಿಂದ ಮನೆ ಹಿಡಿದಿದ್ದ ಹುಡುಗಿ. ಹೊತ್ತು ಹೋಗದೆ ಕಂಪ್ಯೂಟರಿನಲ್ಲಿ ಸಬ್‌ಮರೀನ್ ನಡೆಸುವ ಆಟ ಹಿಡಿದಿದ್ದಳು. ಆಟ ಅಂದರೆ ಗುಂಡು ಹಾರಿಸಿ ಕುಣಿಯುವ ಆಟವಲ್ಲ. ತೊಟ್ಟಿಗೆ ಎಷ್ಟು ನೀರು ತುಂಬಬೇಕು, ಬ್ಯಾಟರಿ ಎಷ್ಟು ಉಳಿದಿದೆ, ಎಷ್ಟು ಆಳಕ್ಕೆ ಹೋದರೆ ಮೈ ಬಿರಿಯುತ್ತದೆ, ಎಲ್ಲ ನಿಜದ ಲೆಕ್ಕ. ಮೊದಲ ವಾರ ಅವಳು ಹನ್ನೊಂದು ಸಲ ತಳ ಸೇರಿದ್ದಳು.

“ಅಪ್ಪಾ, ನೀರೊಳಗೆ ಕಣ್ಣಿಗೆ ಏನೂ ಕಾಣಲ್ಲ, ಎಲ್ಲಾ ಕಿವೀಲೇ. ನೀನು ಕೇಳ್ತಾ ಕೂತ್ಕೋ, ನಾನು ಓಡಿಸ್ತೀನಿ. ನಿನ್ನಂಥ ಕಿವಿ ಮನೇಲಿಟ್ಕೊಂಡು ನಾನ್ಯಾಕೆ ಸಾಯ್ಬೇಕು?”

ಮೇಸ್ತ್ರಿ ಬೇಡವೆನ್ನಲಿಲ್ಲ. ಕಿವಿಗೆ ಒಂದು ಪರೀಕ್ಷೆ ಬೇಕಾಗಿತ್ತು. ಡಾಕ್ಟರ ಹತ್ತಿರ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ. ಇಲ್ಲಾದರೆ ಮಗಳು, ತಾವು, ನಾಲ್ಕು ಗೋಡೆ.

ಹೆಡ್‌ಫೋನ್ ಹಾಕಿಕೊಂಡರು. ಪರದೆಯ ಮೇಲೆ ಒಂದು ಗಾಲಿ. ಅದನ್ನು ಮೌಸಿನಿಂದ ತಿರುಗಿಸಿದರೆ ಸುತ್ತಲಿನ ನೀರಿನ ಒಂದೊಂದೇ ದಿಕ್ಕು ಕೇಳುತ್ತದೆ. ಸ್ಪ್ಯಾನರ್ ಹಿಡಿದ ಕೈಗೆ ಮೌಸು ಸೊಪ್ಪು ಹಾಕಲಿಲ್ಲ. ಗಾಲಿ ಗರ್ರನೆ ಎರಡು ಸುತ್ತು ಸುತ್ತಿ ನಿಂತಿತು.

“ನಿಧಾನ ಅಪ್ಪಾ, ಲಾರಿ ಸ್ಟೇರಿಂಗ್ ಅಲ್ಲ ಅದು!”

ಮಗಳು ಮೋಟಾರು ನಿಲ್ಲಿಸಿದಳು. ಓಡುತ್ತಾ ಇದ್ದರೆ ನಮ್ಮ ಸದ್ದೇ ನಮಗೆ ಅಡ್ಡಿಯಂತೆ. ಆ ಮಾತು ಮೇಸ್ತ್ರಿಗೆ ಹಿಡಿಸಿತು. ಸ್ವಲ್ಪ ಹೊತ್ತಿಗೆ ಎಡಗಡೆಯಿಂದ ಧಬ್, ಧಬ್, ಧಬ್ ಅಂತ ಕೇಳಿಸಿತು. ಅವರ ಮುಖ ಅರಳಿತು. “ಭಾರದ ಹಡಗು ಕಣಮ್ಮಾ. ಫ್ಯಾನಿಗೆ ಮೂರು ರೆಕ್ಕೆ. ಒಂದು ರೆಕ್ಕೆ ತುದಿ ಮುರಿದಿದೆ.”

ಮಗಳು ಆಟದ ಜೊತೆ ಬಂದಿದ್ದ ಹಡಗುಗಳ ಪುಸ್ತಕ ತಿರುವಿ ನೋಡಿ ಬೆಚ್ಚಿದಳು. “ಮೂರು ರೆಕ್ಕೇದೇ! ಮುರಿದಿರೋದು ಮಾತ್ರ ನಿನ್ನ ಬುರುಡೆ.”

ಇಬ್ಬರೂ ನಕ್ಕರು. ಎರಡು ದಿನದಲ್ಲಿ ಮೊದಲ ಸಲ ಮೇಸ್ತ್ರಿಯ ಎದೆ ಹಗುರಾಯಿತು. ಕಿವಿ ನೆಟ್ಟಗಿದೆ, ಡ್ರೈವರನ ತಲೆ ಕೆಟ್ಟಿದೆ.

“ಈಗ ಮೇಲೆ ಹೋಗಿ ನೋಡ್ಬೇಕು. ಪೂರ್ತಿ ಒಂದು ಸುತ್ತು ಕೇಳಿ ಹೇಳು, ಬೇರೆ ಯಾರಾದ್ರೂ ಇದಾರಾ?”

ಮೇಸ್ತ್ರಿ ಗಾಲಿಯನ್ನು ಕೂದಲೆಳೆಯಷ್ಟೇ ಸರಿಸುತ್ತಾ ಸುತ್ತು ಹಾಕಿದರು. ನೀರು. ಬರೀ ನೀರು. “ಯಾರೂ ಇಲ್ಲ, ಹೋಗು” ಅಂದರು.

ಸಬ್‌ಮರೀನ್ ಮೇಲೇರಿತು. ಮಗಳು ದುರ್ಬೀನು ಎತ್ತಿದಳೋ ಇಲ್ಲವೋ, ಪರದೆಯ ತುಂಬ ಯುದ್ಧದ ಹಡಗಿನ ಬೂದು ಮೂತಿ! ಕಬ್ಬಿಣ ಹರಿದ ಸದ್ದು, ದೀಪ ಆರಿತು, ನೀರು ನುಗ್ಗಿತು. ಎಲ್ಲ ಒಂದು ನಿಮಿಷದೊಳಗೆ.

“ಅಪ್ಪಾ! ಅಷ್ಟು ಹತ್ತಿರ ಇತ್ತಲ್ಲ, ಕೇಳಿಸ್ಲೇ ಇಲ್ವಾ?”

“ನಿನ್ನ ಹೆಡ್‌ಫೋನ್ ಸರಿ ಇಲ್ಲ.”

ಆಟವನ್ನು ನಡುವಿನಿಂದ ಮತ್ತೆ ತೆಗೆಯಬಹುದು. ಮಗಳು ಅದೇ ಜಾಗಕ್ಕೆ ಹೋಗಿ ಹೆಡ್‌ಫೋನ್ ತನ್ನ ಕಿವಿಗಿಟ್ಟುಕೊಂಡಳು. ಗಾಲಿಯನ್ನು ಬಲಕ್ಕೆ ತಿರುಗಿಸಿದ್ದೇ ತಡ, ಮುಖ ಕಿವುಚಿದಳು. “ಅಬ್ಬಾ! ಸಣ್ಣಗೆ ಕೊರೀತಾ ಇದೆ ಕಣಪ್ಪಾ. ಜೋರಾಗಿ ಓಡೋ ಹಡಗಿನ ಫ್ಯಾನು ಹೀಗೇ, ಕೀಂಯ್ ಅಂತ.” ಗಾಲಿಯನ್ನು ಅಲ್ಲೇ ಬಿಟ್ಟು ಅಪ್ಪನಿಗೆ ಕೊಟ್ಟಳು.

ಮೇಸ್ತ್ರಿ ಕಣ್ಣು ಮುಚ್ಚಿದರು. ನೀರು. ಸದ್ದು ಹೆಚ್ಚಿಸಿದರು. ಜೋರಾದ ನೀರು, ಅಷ್ಟೇ. ದಪ್ಪ ಸದ್ದೆಲ್ಲ ಉಳಿದಿತ್ತು, ಸಣ್ಣ ಸದ್ದು ಯಾವತ್ತೋ ಹೇಳದೆ ಕೇಳದೆ ಎದ್ದು ಹೋಗಿತ್ತು.

ಡ್ರೈವರು ಹೇಳಿದ್ದೂ ಇದೇ ಕೀಂಯ್. ಗೋಡೆಯ ಗಡಿಯಾರ ನಾಲ್ಕು ಗಂಟೆ ಐದು ನಿಮಿಷ ತೋರಿಸುತ್ತಿತ್ತು. ನಾಲ್ಕಕ್ಕೆ ಕಾರ್ಖಾನೆಯ ಪಾಳಿ ಬಿಡುತ್ತದೆ. ಫೋನು ಕೈಗೆತ್ತಿಕೊಂಡವರು ಒಂದು ಗಳಿಗೆ ಹಾಗೇ ಕೂತರು. ನಿವೃತ್ತಿಗೆ ಇನ್ನೆರಡೇ ವರ್ಷ. ಬಾಯಿಬಿಟ್ಟರೆ ನಾಳೆಯಿಂದ ಯಾವ ಮೇಸ್ತ್ರಿ, ಯಾವ ಮಣ್ಣು? ಮಗಳು ಏನೆಂದು ಕೇಳುತ್ತಲೇ ಇದ್ದಳು. ಅವರು ಡ್ರೈವರನ ನಂಬರು ಒತ್ತಿದರು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಒತ್ತಿದರು. ಮೂರನೇ ಸಲಕ್ಕೆ ಡ್ರೈವರು ಸಿಕ್ಕ. ಹಿಂದೆ ಹಾಡು ಕಿವಿ ಕಿತ್ತುಹೋಗುವಂತೆ ಅರಚುತ್ತಿತ್ತು.

“ಗಾಡಿ ಪಕ್ಕಕ್ಕೆ ಹಾಕಿದೀನಿ ಮೇಸ್ತ್ರಿ, ಏನಿಷ್ಟು ಅರ್ಜೆಂಟು?”

“ಆ ಚಕ್ರ ಕೂಗ್ತಾ ಇದೆಯೇನಯ್ಯಾ?”

“ಅಯ್ಯೋ, ಬಿಡಿ ಮೇಸ್ತ್ರಿ. ನಿಮಗೇ ಕೇಳ್ಸಿಲ್ಲ ಅಂದ್ಮೇಲೆ ನಂದೇ ಭ್ರಮೆ ಅಂದ್ಕೊಂಡೆ. ಅದಕ್ಕೇ ನಿನ್ನೆಯಿಂದ ಹಾಡು ಜೋರಾಗಿ ಹಾಕ್ಕೊಂಡು ಓಡಿಸ್ತಾ ಇದೀನಿ.”

ಮೇಸ್ತ್ರಿಗೆ ಶುಕ್ರವಾರದ ನಗು ನೆನಪಾಯಿತು. ಇವನ ಎರಡು ಒಳ್ಳೆಯ ಕಿವಿಯನ್ನೂ ತಾನೇ ಮುಚ್ಚಿಸಿದೆನಲ್ಲಾ!

“ಭ್ರಮೆ ಅಲ್ಲ ಕಣಯ್ಯಾ. ನನಗೆ ಕಿವಿ ಕೇಳಲ್ಲ. ಸಣ್ಣ ಸದ್ದು ಕೇಳಲ್ಲ. ಎಲ್ಲರನ್ನೂ ಕೆಳಗಿಳಿಸು, ಹೋಗಿ ಚಕ್ರದ ನಡುವೆ ಕೈಯಿಟ್ಟು ನೋಡು.”

ಹಾಡು ನಿಂತಿತು. ಬಾಗಿಲು ತೆರೆದ ಸದ್ದು, ಜನರ ಗೊಣಗಾಟ. ಆಮೇಲೆ ಡ್ರೈವರನ ಉಸಿರು. “ಮೇಸ್ತ್ರಿ… ಕೈ ಇಡೋಕೇ ಆಗ್ತಿಲ್ಲ. ಕೆಂಡ ಆಗಿದೆ. ಹೊಗೆ ಬರ್ತಿದೆ. ಇಳಿಜಾರು ಇಲ್ಲೇ ಮುಂದೆ ಶುರು.”

“ಗಾಡಿ ಅಲ್ಲಾಡಿಸ್ಬೇಡ” ಎಂದು ಮೇಸ್ತ್ರಿ ಫೋನಿಟ್ಟರು. ಮಗಳು ಕುಂಟಿಕೊಂಡು ಬಂದು ಪಕ್ಕದಲ್ಲಿ ಕೂತಳು. “ಹೋಗ್ಲಿ ಬಿಡಪ್ಪಾ, ಯಾರಿಗೂ ಏನೂ ಆಗಿಲ್ವಲ್ಲ” ಅಂದಳು. ಅವರು ಡಿಪೋದ ಸೂಪರ್‌ವೈಸರಿಗೆ ಫೋನು ಹಚ್ಚಿದರು.

“ಸಾರ್, ಏಳನೇ ನಂಬರು ದಾರೀಲಿ ನಿಂತಿದೆ, ಬೇರೆ ಬಸ್ ಕಳ್ಸಿ. ಆಮೇಲೆ ಒಂದು ಕಾಗದ ತಗೊಳ್ಳಿ, ನಂಬರು ಹೇಳ್ತೀನಿ. ಮೂರು. ಹನ್ನೆರಡು. ಹತ್ತೊಂಬತ್ತು. ಇಪ್ಪತ್ತೆರಡು.”

“ಇವೆಲ್ಲಾ ನೀವೇ ಕೇಳಿ ಸರಿ ಇದೆ ಅಂತ ಬಿಟ್ಟ ಗಾಡಿಗಳಲ್ವಾ ಮೇಸ್ತ್ರಿ? ಇದರಲ್ಲಿ ಯಾವುದು ಕೆಟ್ಟಿದೆ?”

“ಗೊತ್ತಿಲ್ಲ ಸಾರ್. ಅದಕ್ಕೇ ಎಲ್ಲಾನೂ ನಿಲ್ಸಿ ಅಂತಿರೋದು.”

“ಸರಿ, ಬರ್ಕೊಂಡೆ. ಇನ್ನೂ ಇದೆಯಾ?”

“ಇಪ್ಪತ್ತಾರು” ಅಂದರು ಮೇಸ್ತ್ರಿ.