ಕೀಲೆಣ್ಣೆ

ಯಲಹಂಕದ ಹಳೇ ಊರಿನಲ್ಲಿ ಶಾಮಿಯಾನ ಅಂಗಡಿ ಇಟ್ಟಿದ್ದ ವೆಂಕಟಸ್ವಾಮಿಗೆ ಗಾಡಿಗಳ ವಿಷಯದಲ್ಲಿ ಯಾರೂ ಬುದ್ಧಿ ಹೇಳುವ ಹಾಗಿರಲಿಲ್ಲ. ಹುಡುಗನಾಗಿದ್ದಾಗ ಅಪ್ಪನ ಎತ್ತಿನ ಗಾಡಿಯಲ್ಲಿ ಸೊಪ್ಪು ಹೇರಿಕೊಂಡು ಯಶವಂತಪುರದ ಮಾರ್ಕೆಟ್ಟಿಗೆ ಹೋಗಿಬಂದವನು ಅವನು. ಆ ಒಂದು ವಿದ್ಯೆಯ ಬಲದ ಮೇಲೆ ಟ್ರ್ಯಾಕ್ಟರಿನಿಂದ ಹಿಡಿದು ಮಗಳ ಮನೆಯ ವಾಷಿಂಗ್ ಮೆಷಿನ್ನಿನವರೆಗೆ ಎಲ್ಲದರ ಬಗ್ಗೆಯೂ ತೀರ್ಪು ಕೊಡುತ್ತಿದ್ದ. ಅರವತ್ತು ದಾಟಿದರೂ ಆ ಚಾಳಿ ಬಿಟ್ಟಿರಲಿಲ್ಲ.

ಕುರ್ಚಿ, ಪಾತ್ರೆ ಸಾಗಿಸಲು ಬೇಕೆಂದು ಅವನು ಹಳೆಯ ಪಿಕಪ್ಪೊಂದನ್ನು ಮೊಯಿನುದ್ದೀನನಿಂದ ಕೊಂಡಿದ್ದ. ಮೊಯಿನುದ್ದೀನ್ ಅದೇ ಬೀದಿಯ ಕೊನೆಯಲ್ಲಿ ಹತ್ತಿ ಹಾಸಿಗೆ ಹೊಲಿಯುವವನು. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಫೇಲಾದವರು. ಅಂದಿನಿಂದ ಇಂದಿನವರೆಗೆ ದಿನವೂ ಸಂಜೆ ಹಾಸಿಗೆ ಅಂಗಡಿಯ ಮೆಟ್ಟಿಲ ಮೇಲೆ ಇಬ್ಬರಿಗೂ ಸೇರಿ ಒಂದೇ ಟೀ, ಬೈ-ಟು. ಪೂರ್ತಿ ಟೀ ಕುಡಿಯುವ ಶಕ್ತಿ ಬಂದಮೇಲೂ ಬೈ-ಟು ಬಿಟ್ಟಿರಲಿಲ್ಲ.

ಗಾಡಿ ಕೊಡುವಾಗ ಮೊಯಿನುದ್ದೀನ್ ಒಂದು ಮಾತು ಹೇಳಿದ್ದ. "ಬ್ರೇಕ್ ಹಿಡಿದಾಗ ಹಿಂದಿನ ಎಡಗಡೆ ಚಕ್ರ ಸ್ವಲ್ಪ ಕಿರ್ ಅನ್ನುತ್ತೆ ಸ್ವಾಮಣ್ಣ. ಒಳಗೆ ಧೂಳು ಕೂತಿದೆ, ಅಷ್ಟೇ. ಗ್ಯಾರೇಜ್ ಗೋಪಿ ಹತ್ರ ಬಿಚ್ಚಿ ಕ್ಲೀನ್ ಮಾಡಿಸ್ಕೊ."

"ಗಾಡಿ ಇಷ್ಯ ನಂಗೇ ಹೇಳ್ಕೊಡ್ತೀಯೇನೋ?" ಎಂದು ವೆಂಕಟಸ್ವಾಮಿ ನಕ್ಕಿದ್ದ.

ಆಯುಧ ಪೂಜೆ ಬಂತು. ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಕುಂಕುಮ ಹಚ್ಚಿದ ಮೇಲೂ ಆ ಕಿರ್ ಸದ್ದು ವೆಂಕಟಸ್ವಾಮಿಯ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಅಪ್ಪನ ಕಾಲದಲ್ಲಿ ಹಬ್ಬದ ದಿನ ಗಾಡಿಗೆ ಕೀಲೆಣ್ಣೆ ಹಾಕದೆ ಪೂಜೆಯೇ ಮುಗಿಯುತ್ತಿರಲಿಲ್ಲ. ಕಿರುಗುಟ್ಟುವ ಗಾಡಿ ಊರೊಳಗೆ ಬಂದರೆ ಯಜಮಾನನ ಮಾನ ಹೋಯಿತೆಂದೇ ಲೆಕ್ಕ. ಅವನು ಹರಳೆಣ್ಣೆ ಸೀಸೆ ಹಿಡಿದು ಗಾಡಿಯ ಅಡಿಗೆ ನುಗ್ಗಿದ. ಚಕ್ರದ ಒಳಮಗ್ಗುಲಲ್ಲಿ ಒಂದು ಸಣ್ಣ ತೂತು, ಅದಕ್ಕೊಂದು ರಬ್ಬರ್ ಬಿರಡೆ. ಎಣ್ಣೆ ಬಿಡಲೆಂದೇ ಕಂಪನಿಯವರು ಮಾಡಿದ್ದಾರೆ, ಪಾಪ, ಯಾರಿಗೂ ಗೊತ್ತಿಲ್ಲ ಎಂದುಕೊಂಡು ಬಿರಡೆ ಕಿತ್ತು ಧಾರಾಳವಾಗಿ ಎಣ್ಣೆ ಹುಯ್ದ.

"ಗೋಪಿಗೆ ತೋರ್ಸಿ ಅಂದಿದ್ರಂತಲ್ಲ ಸಾಹೇಬ್ರು," ಎಂದಳು ಹೆಂಡತಿ ಮುನಿಕೆಂಪಮ್ಮ, ಆರತಿ ತಟ್ಟೆ ಹಿಡಿದುಕೊಂಡೇ.

"ಗೋಪಿ ಹುಟ್ಟೋಕ್ ಮುಂಚೆ ಗಾಡಿ ಹೊಡ್ದೋನು ನಾನು."

ಸದ್ದು ನಿಂತೇಹೋಯಿತು. ನಾಲ್ಕು ದಿನ ಅವನು ಆ ಮೌನವನ್ನು ಕಂಡಕಂಡವರಿಗೆಲ್ಲ ಕೇಳಿಸಿದ.

ಆಮೇಲೊಂದು ಬೆಳಿಗ್ಗೆ ಸಹಕಾರನಗರದ ಗೃಹಪ್ರವೇಶಕ್ಕೆ ಕುರ್ಚಿ ತುಂಬಿಕೊಂಡು ಹೊರಟಿದ್ದಾಗ, ಕೊಡಿಗೇಹಳ್ಳಿಯ ಹತ್ತಿರ ಸ್ಕೂಟರೊಂದು ಅಡ್ಡ ಬಂತು. ವೆಂಕಟಸ್ವಾಮಿ ಬ್ರೇಕ್ ಒತ್ತಿದ. ಗಾಡಿ ನಿಲ್ಲುವ ಬದಲು ಬಲಕ್ಕೆ ಎಳೆದುಕೊಂಡು ಹೋಗಿ ಡಿವೈಡರಿಗೆ ಗುದ್ದಿತು. ಕುರ್ಚಿಗಳೆಲ್ಲ ರಸ್ತೆ ತುಂಬ ಚೆಲ್ಲಿದವು. ಸ್ಕೂಟರಿನಲ್ಲಿದ್ದ ಹೆಂಗಸು ಮುಂದೆ ನಿಲ್ಲಿಸಿಕೊಂಡಿದ್ದ ಮಗುವನ್ನು ಅವಚಿಕೊಂಡು ಗೇಣಷ್ಟು ದೂರದಲ್ಲಿ ನಡುಗುತ್ತ ನಿಂತಿದ್ದಳು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಮಗು ಅವನನ್ನೇ ನೋಡುತ್ತಿತ್ತು.

ಆಗ ಹುಟ್ಟಿದ ಭಯವನ್ನು ಎಲ್ಲಿ ಇಳಿಸಬೇಕೋ ಅವನಿಗೆ ತಿಳಿಯದೆ ಅದು ಸಿಟ್ಟಾಯಿತು. ಗಾಡಿಯನ್ನು ಪಕ್ಕಕ್ಕೆ ತಳ್ಳಿಸಿ, ಆಟೋ ಹತ್ತಿ ಸೀದಾ ಹಾಸಿಗೆ ಅಂಗಡಿಗೆ ಬಂದ. ಒಳಗೆ ಮಗಳ ಮದುವೆಗೆ ಹಾಸಿಗೆ ನೋಡಲು ಬಂದ ತಾಯಿ ಮಗಳಿಬ್ಬರು, ಹೊರಗೆ ಸೊಪ್ಪಿನವಳು, ಹಾದಿಯಲ್ಲಿ ಹೋಗುವವರು.

"ಬ್ರೇಕ್ ಇಲ್ದಿರೋ ಗಾಡಿ ಕಟ್ಬುಟ್ಟಲ್ಲೋ ನಂಗೆ! ಒಂದ್ ಮಗು ಸಾಯ್ತಿತ್ತು!"

ಮೊಯಿನುದ್ದೀನ್ ಗಾಬರಿಯಿಂದ ಎದ್ದ. "ನಿಂಗೇನಾಗಿಲ್ಲ ತಾನೆ ಸ್ವಾಮಣ್ಣ?"

ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಸುತ್ತ ಜನ ಸೇರಿದ್ದರು, ನಾಲಿಗೆಗೆ ಲಗಾಮಿರಲಿಲ್ಲ.

"ನಿಮ್ಮೋರ್ನ ನಂಬ್ಬೇಡ ಅಂತ ನಮ್ಮಪ್ಪ ಆವತ್ತೇ ಅಂದಿದ್ದ. ನಾನೇ ಕೇಳ್ಲಿಲ್ಲ."

ಅಂಗಡಿಯೊಳಗಿನ ತಾಯಿ ಮಗಳ ಕೈ ಹಿಡಿದು ಮೆಲ್ಲಗೆ ಕೆಳಗಿಳಿದಳು. ಮೊಯಿನುದ್ದೀನ್ ಕೈಯಲ್ಲಿದ್ದ ಉದ್ದನೆಯ ಸೂಜಿಯನ್ನು ಹಾಸಿಗೆಗೆ ಚುಚ್ಚಿಟ್ಟ. ಆಮೇಲೆ, "ಗಾಡಿ ಗೋಪಿ ಗ್ಯಾರೇಜಿಗೆ ತರ್ಸಿ. ನಾನೂ ಬರ್ತೀನಿ. ನನ್ನ ತಪ್ಪಿದ್ರೆ ನಾನೇ ಸರಿ ಮಾಡಿಸ್ಕೊಡ್ತೀನಿ," ಎಂದ. ಶಾಲೆಯ ದಿನಗಳಿಂದ ಇಲ್ಲಿಯವರೆಗೆ ಅವನು ವೆಂಕಟಸ್ವಾಮಿಯನ್ನು ಹೀಗೆ ಬಹುವಚನದಲ್ಲಿ ಮಾತಾಡಿಸಿರಲಿಲ್ಲ.

ಮಧ್ಯಾಹ್ನ ಗ್ಯಾರೇಜಿನಲ್ಲಿ ಗೋಪಿ ಮೊದಲು ಬ್ರೇಕ್ ಪೆಡಲ್ ಒತ್ತಿ ನೋಡಿದ. ಗಟ್ಟಿಯಾಗಿತ್ತು. "ಪೈಪಲ್ಲಿ ಗಾಳಿ ಸೇರಿಲ್ಲ," ಎಂದ. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿದ. ತುಂಬಿತ್ತು. "ಲೀಕೂ ಇಲ್ಲ. ಬಲಕ್ಕೆ ಎಳೀತು ಅಂದ್ರೆ ಎಡಗಡೆ ಚಕ್ರ ಹಿಡೀತಿಲ್ಲ ಅಂತ." ಮುಂದಿನದು ಸರಿಯಿತ್ತು. ಹಿಂದಿನ ಎಡಚಕ್ರ ಕಳಚಿ, ಬ್ರೇಕನ್ನು ಮುಚ್ಚಿದ್ದ ಡ್ರಮ್ಮನ್ನು ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಈಚೆಗೆಳೆದ. ಒಳಗೆಲ್ಲ ಕಪ್ಪಗೆ ಜಿಡ್ಡು ಅಂಟಿಕೊಂಡಿತ್ತು. ಚಕ್ರವನ್ನು ಉಜ್ಜಿ ಹಿಡಿದು ನಿಲ್ಲಿಸಬೇಕಾದ ಲೈನರ್ ಮಿರಮಿರ ಮಿಂಚುತ್ತಿತ್ತು.

"ನೋಡ್ದೇನಪ್ಪಾ!" ಎಂದ ವೆಂಕಟಸ್ವಾಮಿ, ಪಕ್ಕದಲ್ಲಿ ನಿಂತಿದ್ದ ಮೊಯಿನುದ್ದೀನನ ಕಡೆ ಗೆದ್ದವನ ಹಾಗೆ ತಿರುಗಿ.

ಗೋಪಿ ಬೆರಳಿಗೆ ಜಿಡ್ಡು ತಗೊಂಡು ಮೂಸಿದ. ಮತ್ತೊಮ್ಮೆ ಮೂಸಿದ. ಆಮೇಲೆ ನಗು ತಡೆಯಲಾರದೆ ನೆಲಕ್ಕೇ ಕೂತ. "ಗುರು, ಇದು ಹರಳೆಣ್ಣೆ! ಗಾಡಿಗೆ ಯಾರೋ ಭೇದಿಗೆ ಕೊಟ್ಟವ್ರೆ!"

ವೆಂಕಟಸ್ವಾಮಿ ಒಂದು ಹೆಜ್ಜೆ ಹಿಂದೆ ಸರಿದ.

"ಇಲ್ನೋಡಿ, ತೂತಿನ ರಬ್ಬರೂ ಇಲ್ಲ. ಇದು ಬ್ರೇಕ್ ಟೈಟ್ ಮಾಡೋ ಜಾಗ. ಇಲ್ಲಿಂದ ಹುಯ್ದವ್ರೆ. ಬ್ರೇಕಿಗೆ ಎಣ್ಣೆ ಬಿಟ್ಟ ಆ ಮಹಾನುಭಾವ ಯಾರು?"

ವೆಂಕಟಸ್ವಾಮಿ ಗೋಡೆಗೆ ಒರಗಿಸಿದ್ದ ಟೈರುಗಳನ್ನು ನೋಡತೊಡಗಿದ. ಕಿವಿ ಕಾದ ಕಾವಲಿಯಾಗಿತ್ತು. ಮೊಯಿನುದ್ದೀನ್ ಬಗ್ಗಿ ತೂತನ್ನು ನೋಡಿದ. ತಲೆಯೆತ್ತಿ ವೆಂಕಟಸ್ವಾಮಿಯನ್ನು ನೋಡಿದ. ಎಲ್ಲವೂ ಅವನಿಗೆ ಅರ್ಥವಾಯಿತು. ಅರ್ಥವಾಯಿತು ಅನ್ನುವುದು ವೆಂಕಟಸ್ವಾಮಿಗೂ ಅರ್ಥವಾಯಿತು.

"ನಾನೇ ಕಣೋ ಗೋಪಿ," ಎಂದ ಮೊಯಿನುದ್ದೀನ್. "ಸದ್ದು ಬರ್ತಿತ್ತಲ್ಲ. ಮಾರೋಕ್ ಮುಂಚೆ ಬಿಟ್ಟಿದ್ದೆ."

ಗೋಪಿಯ ನಗು ನಿಂತಿತು. "ಏನ್ ಸಾಹೇಬ್ರೇ, ಇಷ್ಟು ವರ್ಷ ಗಾಡಿ ಓಡ್ಸಿದೋರು! ಆ ಮಗು ಹೋಗಿದ್ರೆ ಯಾರ್ ತಂದ್ಕೊಡ್ತಿದ್ರು?" ಎಂದು ಶುರುಮಾಡಿ ಬಾಯಿಗೆ ಬಂದಂತೆ ಬೈದ. ಬಿಳಿಗಡ್ಡದ ಮೊಯಿನುದ್ದೀನ್ ತಲೆತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡ. ವೆಂಕಟಸ್ವಾಮಿ 'ನಾನೇ' ಎಂದಿದ್ದರೆ ಸಾಕಾಗಿತ್ತು. ಬೆಳಿಗ್ಗೆ ಬೀದಿಯೆಲ್ಲ ಕೇಳುವಂತೆ ಕಿರುಚಿದ ಬಾಯಿ ಈಗ ಹೊಲಿದಂತಿತ್ತು.

"ತೊಳೆದ್ರೆ ಹೋಗಲ್ವಾ?" ಎಂದು ಕೊನೆಗೆ ಕೇಳಿದ, ಅದೂ ಗೋಪಿಯನ್ನು.

"ಎಣ್ಣೆ ಕುಡಿದಿರೋ ಲೈನರ್ ಎಷ್ಟ್ ತೊಳೆದ್ರೂ ಹಿಡಿಯಲ್ಲ ಯಜಮಾನ್ರೇ. ಹೊಸಾದೇ ಹಾಕ್ಬೇಕು. ಒಂದ್ ಕಡೆ ಹಾಕಿದ್ರೆ ಮತ್ತೆ ಎಳೆಯುತ್ತೆ, ಎರಡೂ ಕಡೆ ಹಾಕ್ತೀನಿ."

"ಹಾಕು, ದುಡ್ಡು ನಾನ್ ನೋಡ್ಕೋತೀನಿ," ಎಂದು ಮೊಯಿನುದ್ದೀನ್ ಹೊರಟೇಹೋದ. ವೆಂಕಟಸ್ವಾಮಿ ಅವನ ಬೆನ್ನು ನೋಡುತ್ತ ನಿಂತ.

ಮನೆಗೆ ಬಂದು ಮುದ್ದೆ ಮುರಿದು ತಟ್ಟೆಯಲ್ಲೇ ಹೊರಳಿಸುತ್ತ ಕೂತ. ಮುನಿಕೆಂಪಮ್ಮ ಕಿಟಕಿಯ ಕಟ್ಟೆಯ ಮೇಲಿಂದ ಏನೋ ತಂದು ತಟ್ಟೆಯ ಪಕ್ಕ ಇಟ್ಟಳು. ಕುಂಕುಮ ಮೆತ್ತಿದ್ದ ರಬ್ಬರ್ ಬಿರಡೆ.

"ಇದು ಗಾಡೀದಲ್ವಾ? ಪೂಜೆ ದಿನ ನೀವೇ ಮಡಗಿದ್ರಿ."

ಅವನು ಬಿರಡೆಯನ್ನು ಎತ್ತಿ ಮುಷ್ಟಿಯೊಳಗೆ ಮುಚ್ಚಿಕೊಂಡ.

"ಸೊಪ್ಪಿನವ್ಳು ಎಲ್ಲಾ ಏಳಿದ್ಲು. ಮಾವ ಯಾವತ್ತು ಅಂಗಂದಿದ್ರು? ನಾನೂ ಈ ಮನೇಲೇ ಇದ್ನಲ್ಲ."

ಅಪ್ಪ ಹಾಗೆ ಅಂದಿರಲೇ ಇಲ್ಲ. ಲಕ್ವ ಹೊಡೆದು ಮಲಗಿದ್ದ ಅಪ್ಪನ ಬೆನ್ನು ಹುಣ್ಣಾದಾಗ, ಮೊಯಿನುದ್ದೀನನ ತಂದೆ ತಾನಾಗಿ ಬಂದು, ಹಳೆಯ ಹಾಸಿಗೆ ಬಿಚ್ಚಿ, ಅಂಗಳದಲ್ಲಿ ಕೂತು ಹತ್ತಿಯ ಗಂಟು ಬಿಡಿಸಿ ಎಕ್ಕಿ, ಮೆತ್ತಗೆ ಹೊಲಿದುಕೊಟ್ಟಿದ್ದರು. ಅಪ್ಪ ಅದರ ಮೇಲೆಯೇ ಪ್ರಾಣ ಬಿಟ್ಟದ್ದು. ಸೊಟ್ಟಗಾದ ಬಾಯಲ್ಲಿ ಅಪ್ಪ ಅವರನ್ನು 'ಅಣ್ಣಾ' ಎಂದು ಕರೆಯುತ್ತಿದ್ದುದು ವೆಂಕಟಸ್ವಾಮಿಗೆ ನೆನಪಾಯಿತು. ಅಂಥ ಅಪ್ಪನ ಬಾಯಿಗೆ ನನ್ನ ಹೊಲಸು ಮಾತು ತುರುಕಿದೆನಲ್ಲ ಎಂದು ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಬ್ರೇಕಿಗೆ ಎಣ್ಣೆ ಬಿಟ್ಟದ್ದು ದಡ್ಡತನ. ಇದಕ್ಕೆ ಆ ಹೆಸರೂ ಸಾಲದು.

ಮಾರನೆಯ ದಿನ ಬಿರಡೆಯನ್ನು ಜೇಬಿನಲ್ಲಿಟ್ಟುಕೊಂಡು ಹಾಸಿಗೆ ಅಂಗಡಿಗೆ ಹೋದ. ಆ ತಾಯಿ ಮಗಳು ಮತ್ತೆ ಬಂದಿದ್ದರು, ದಿಂಬು ಒತ್ತಿ ನೋಡುತ್ತಿದ್ದರು. ಅವರು ಹೋಗಲಿ ಎಂದು ವೆಂಕಟಸ್ವಾಮಿ ಕಂಬದ ಹಿಂದೆ ಕಳ್ಳನ ಹಾಗೆ ಕಾದ. ಅವರು ಹೊರಟು ಮೆಟ್ಟಿಲು ಇಳಿಯುವಾಗ, ನೆನ್ನೆ ಅಂದದ್ದು ಇವರ ಎದುರಿಗೇ ಅಲ್ಲವೇ ಅನ್ನಿಸಿ ಕಂಬದ ಹಿಂದಿನಿಂದ ಈಚೆಗೆ ಬಂದ.

"ಅಮ್ಮಾ, ಒಂಚೂರು ನಿಲ್ರಮ್ಮ," ಎಂದ. "ನೆನ್ನೆ ಇವನ್ನ ಬೈದೋನು ನಾನೇ. ಬ್ರೇಕ್ ಕೆಡ್ಸಿದ್ದೂ ನಾನೇ. ಸದ್ದು ಬತ್ತದೆ ಅಂತ ಎಣ್ಣೆ ಹುಯ್ದೆ." ಬಿರಡೆ ತೆಗೆದು ತೋರಿಸಿದ. ಹೆಂಗಸರು ಏನೂ ತಿಳಿಯದೆ ಮುಖ ಮುಖ ನೋಡಿಕೊಂಡರು. "ಇವ್ನು ನೆನ್ನೆ ಗ್ಯಾರೇಜಲ್ಲಿ ನನ್ ತಪ್ಪು ತಾನು ಹೊತ್ಕೊಂಡ. ನಾನು ಸುಮ್ನೆ ನಿಂತಿದ್ದೆ. ಆಮೇಲೆ... ನಮ್ಮಪ್ಪ ಅಂಗೆ ಅಂದಿರ್ಲಿಲ್ಲ. ಆ ಮಾತು ನಂದೇ."

ಹೆಂಗಸರು ಮುಜುಗರದಿಂದ ತಲೆಯಾಡಿಸಿ ಹೋದರು. ಮೊಯಿನುದ್ದೀನ್ ಹೊಲಿಗೆ ನಿಲ್ಲಿಸಿರಲಿಲ್ಲ. ಸೂಜಿ ಹಾಸಿಗೆಯೊಳಗೆ ಮುಳುಗಿ ಆಚೆ ಏಳುತ್ತಿತ್ತು.

"ಎಣ್ಣೆ ಹುಯ್ದಿದ್ದು ಗೊತ್ತಾಯ್ತು," ಎಂದ. "ನಿಮ್ಮಪ್ಪ ಅಂದಿರಲ್ಲ ಅಂತಾನೂ ಗೊತ್ತಿತ್ತು. ಅವ್ರು ಅಂದಿದ್ರೆ, ಹಳೇ ಕಾಲದೋರು ಏನೋ ಅಂದ್ರು ಅಂತ ಸುಮ್ನಾಗ್ತಿದ್ದೆ. ಅಂದಿದ್ದು ನೀವು. ಅದಕ್ಕೇ ನಿದ್ದೆ ಬರ್ಲಿಲ್ಲ."

"ತಪ್ಪಾಯ್ತು ಕಣೋ ಮೊಯಿನು."

"ಆಯ್ತು, ಬಿಡಿ. ಕೂತ್ಕೊಳ್ಳಿ."

ವೆಂಕಟಸ್ವಾಮಿ ಎಂದಿನ ಮೆಟ್ಟಿಲ ಮೇಲೆ ಕೂತ. ಮೊಯಿನುದ್ದೀನ್ ಎದುರಿನ ಟೀ ಅಂಗಡಿಗೆ ಕೇಳುವಂತೆ ಕೂಗಿದ.

"ಎರಡು ಟೀ ಕಳ್ಸಪ್ಪ."

"ಬೈ-ಟು ತಾನೆ ಸಾಹೇಬ್ರೇ?" ಎಂದು ಟೀಯವನು ಅಲ್ಲಿಂದಲೇ ಕೇಳಿದ.

"ಅಲ್ಲ, ಎರಡು. ಬೇರೆ ಬೇರೆ."

ಟೀ ಬಂತು. ವೆಂಕಟಸ್ವಾಮಿಗೆ ಪೂರ್ತಿ ಲೋಟ ಕುಡಿದು ಅಭ್ಯಾಸವಿರಲಿಲ್ಲ. ಅರ್ಧಕ್ಕೆ ಬಂದಾಗ ಕೈ ತಾನಾಗಿ ನಿಂತಿತು. ಉಳಿದದ್ದನ್ನು ಯಾರಿಗೆ ಕೊಡುವುದೆಂದು ತಿಳಿಯದೆ, ಅದು ಆರುವವರೆಗೂ ಲೋಟ ಹಿಡಿದುಕೊಂಡು ಕೂತಿದ್ದ.